ಒಂದು ಹಲ್ಲಿನ ಅಂತರ

ಬೆಳ್ಳಗೆ ಏನೋ, ಆ ಹಲ್ಲಿನ ಮೇಲೆ, ಸುಣ್ಣವೂ ಅಲ್ಲ ಬಣ್ಣವೂ ಅಲ್ಲ — ಕಸ್ತೂರಬಾಯಿ ಕಣ್ಣು ಕಿರಿದು ಮಾಡಿ ಬಗ್ಗಿದಳು, ಉಮರ್ಗಾ ಕಡೆಗೊಂದು ಲಾರಿ ಹೋಯಿತು, ತಗಡಿನ ಗ್ಯಾರೇಜು ನಡುಗಿತು — ವಿಭೂತಿ, ಹೌದು, ವಿಭೂತಿಯೇ, ಬೆಳಿಗ್ಗೆ ಗಂಡ ರೇವಣಪ್ಪ ಬಿಚ್ಚಿದ ಎಂಜಿನ್ನಿಗೆ ಕೈ ಹಚ್ಚುವ ಮೊದಲು ಎಂದಿನಂತೆ ಮೂರು ಬೆರಳು ಅದ್ದಿ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮಿನ ಚಕ್ರದ ಮೇಲೆ ಎಳೆದದ್ದು, ಅದರ ಒಂದು ಹನಿ ಹಲ್ಲಿನ ಮೇಲೆ ಬಿದ್ದು ಒಣಗಿದೆ, ದುಂಡಗೆ, ಕಂಪನಿಯವರೇ ಇಟ್ಟ ಗುರುತಿನ ಹಾಗೆ, ಹಾಗಾದರೆ ಕಂಪನಿಯ ಚುಕ್ಕೆ ಎಲ್ಲಿ, ಅದೋ, ಪಕ್ಕದ ಹಲ್ಲಿನಲ್ಲಿ, ಎಣ್ಣೆ ತುಂಬಿ ಕಪ್ಪಾಗಿ ಕೂತಿದೆ, ಎಂಜಿನ್ನಿನ ಹೆಡ್ಡಿನ ಮೇಲೆ ಕೊರೆದ ಗೀರಿಗೆ ಎದುರಾಗಿ ನಿಲ್ಲಬೇಕಾದದ್ದು ಒಂದು ಹಲ್ಲು ಆಚೆ, ಗೀರಿನೆದುರು ವಿಭೂತಿ ನಿಂತಿದೆ, ಅದನ್ನೇ ಚುಕ್ಕೆಯೆಂದು ತಿಳಿದು ಅವನು ಬೆಲ್ಟು ಬಿಗಿದಾಗಿದೆ. ಕಾಕೂ, ನಿಮ್ಮ ಪೋಥಿ ಪಾರಾಯಣ ಮುಗೀತೇನ್ರಿ, ಚಾವಿ ತಿರುವಲೇನು, ಎಂದು ಸೀಟಿನಲ್ಲಿ ಕೂತ ಧನರಾಜ ಕೂಗುತ್ತಾನೆ, ಕಾರು ಅವನದು, ಸಾಸ್ತೂರಿನಿಂದ ಬಂದವನು, ಪೋಥಿ ಎಂದರೆ ಅವಳ ಕೈಯಲ್ಲಿನ ಹಾಳೆ, ಈ ಎಂಜಿನ್ನಿನ ವಾಲ್ವುಗಳು ಯಾವಾಗ ತೆರೆಯಬೇಕು ಯಾವಾಗ ಮುಚ್ಚಬೇಕು ಎಂಬ ಹಾಳೆ, ಮೈದುನನ ಮಗಳು, ಐಟಿಐ ಕಲಿಯುವ ವೈಷ್ಣವಿ ತಂದುಕೊಟ್ಟದ್ದು. ಆಕಿ ಓದೂತನಕ ನಾ ಎರಡು ಎಂಜಿನ್ ಬಿಚ್ಚಿ ಕಟ್ಟತೀನಿ ತಮ್ಮಾ, ಒಂದೀಟು ತಡಿ, ಕೈ ತೊಳ್ಕೊಂಡು ಬರ್ತೀನಿ, ಎಂದು ರೇವಣಪ್ಪ ನಗುತ್ತ ನೀರಿನ ಡ್ರಮ್ಮಿನ ಕಡೆ ಹೋದ, ಗೋಡೆ ಸವರಿಕೊಂಡು ಹೋದ, ಈಗೀಗ ಹಾಗೇ ಹೋಗುತ್ತಾನೆ.

ಗಾಳಿ ಒಳಗೆ ಬಿಡುವ ವಾಲ್ವು ಪಿಸ್ಟನ್ ಮೇಲಿನ ತುದಿ ಮುಟ್ಟಲು ಎಂಟು ಡಿಗ್ರಿ ಇರುವಾಗಲೇ ತೆರೆಯಬೇಕು, ಹೊಗೆ ಹೊರಗೆ ಬಿಡುವುದು ತುದಿ ದಾಟಿ ಹತ್ತು ಡಿಗ್ರಿಗೆ ಮುಚ್ಚಬೇಕು, ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದಳು, ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯುವುದೆಂದರೆ — ದೊಡ್ಡವ್ವಾ, ನಮ್ಮ ತುರೋರಿ ಸ್ಟ್ಯಾಂಡಿನ್ಯಾಗ ಇಳಿಯೋರು ಇನ್ನಾ ಇಳೀತಿರ್ತಾರ, ಹತ್ತೋರು ಕಾಲ ಇಟ್ಟಬಿಡ್ತಾರಲ್ಲ, ಹಂಗ, ಆದ್ರ ಬಸ್ಸಿನ್ಯಾಗ ಜಗಳ, ಇದರಾಗ ಹೋಗೋ ಹೊಗೀನೇ ಬರೋ ಗಾಳೀನ ಕರಕೊಂಡು ಬರ್ತದ, ಎಂದಿದ್ದಳು ವೈಷ್ಣವಿ, ಆವತ್ತು ತಿಳಿಯಿತು, ಮತ್ತೆ ಬಿಡಲಿಲ್ಲ, ಪಿಸ್ಟನ್ನುಗಳನ್ನು ಏರಿಳಿಸುವ ಕ್ರ್ಯಾಂಕು ಎರಡು ಸುತ್ತು ಬಂದರೆ ಬೆಲ್ಟು ಎಳೆಯುವ ಕ್ಯಾಮು ಒಂದು ಸುತ್ತು, ಚಕ್ರಕ್ಕೆ ಮೂವತ್ತಾರು ಹಲ್ಲು, ಒಂದು ಹಲ್ಲಿಗೆ ಹತ್ತು ಡಿಗ್ರಿ, ಕೆಳಗೆ ಕ್ರ್ಯಾಂಕಿಗೆ ಅದೇ ಇಪ್ಪತ್ತು, ಆಚಿನ ಹಲ್ಲು ಎಂದರೆ ತಿರುಗುವ ದಿಕ್ಕಿನಲ್ಲಿ ಮುಂದಾದ ಹಲ್ಲು, ಎಂಟಕ್ಕೆ ತೆರೆಯಬೇಕಾದ ವಾಲ್ವು ಇಪ್ಪತ್ತೆಂಟಕ್ಕೇ ತೆರೆದು ಕತ್ತಲಲ್ಲಿ ತಲೆ ಕೆಳಗೆ ಮಾಡಿ ನೇತಾಡುತ್ತದೆ, ಕೆಳಗಿನಿಂದ ಪಿಸ್ಟನ್ ಏರಿ ಬರುತ್ತದೆ, ಚಾವಿ ತಿರುವಿದರೆ ವಾಲ್ವು ಬಾಗುತ್ತದೆ, ಒಂದಲ್ಲ, ಸಾಲಾಗಿ. ನಾನೇ ಎಣಿಸುವುದರಲ್ಲಿ ತಪ್ಪಿದೆ ಎಂದು ತಪ್ಪನ್ನು ಮೈಮೇಲೆ ಹಾಕಿಕೊಂಡರೆ ಮುಗಿಯಿತು, ಧನರಾಜ ನಗುತ್ತಾನೆ, ರೇವಣಪ್ಪ ಬೈಯುತ್ತಾನೆ, ಬೆಲ್ಟು ಬಿಚ್ಚಿ ಹಾಕುವುದು ಒಂದು ಗಳಿಗೆ — ಹೋದ ತಿಂಗಳು ಅವನು ಅದಲುಬದಲು ಮಾಡಿದ ವೈರನ್ನು ಹಾಗೇ ಸರಿ ಮಾಡಿದ್ದಳು, ಅದರ ಹಿಂದಿನ ತಿಂಗಳು ಬಿಗಿಯದೆ ಬಿಟ್ಟ ಗಾಲಿಯ ನಟ್ಟನ್ನು, ಗಾಲಿಯ ನಟ್ಟು, ಶಿವಶಿವಾ, ಅವತ್ತು ಯಾರಿಗೂ ಹೇಳಲಿಲ್ಲ, ಉದಗೀರಿನ ಕಣ್ಣಿನ ದವಾಖಾನಿಗೆ ಹೋಗೂನು ನಡೀರಿ ಅಂದದ್ದಕ್ಕೆ, ನನ್ನ ಕಣ್ಣಿಗೆ ಏನಾಗೇದ, ನಿನ್ನ ಬಾಯಿಗೆ ಔಷಧ ಸಿಗ್ತದೇನು ಕೇಳಿ ಬಾ, ಎಂದಿದ್ದ, ಹೆದ್ದಾರಿಯ ಮೇಲೆಲ್ಲ ಅವನ ಕೈಯ ಹೆಸರು, ಆ ಹೆಸರಿನ ಮೇಲೆ ತಾನು ಎಷ್ಟು ಸಲ ಸೆರಗು ಹೊದಿಸಿದರೆ ಅಷ್ಟು ಸಲ ಅವನ ಕಣ್ಣಿನ ಪರದೆ ದಪ್ಪವಾಗುತ್ತಿದೆಯಲ್ಲ, ಇವತ್ತು ವಾಲ್ವು, ನಾಳೆ ಯಾರದೋ ಗಾಲಿ, ಗಾಡಿಯ ಒಳಗೆ ಯಾರ ಮಕ್ಕಳೋ. ಕರಿ ಚುಕ್ಕೆ ಒಂದು ಹಲ್ಲು ಆಚೆ. ಚಾವಿ ಹಚ್ಚುವ ಮೊದಲು ಕೈಯಿಂದ ಎರಡು ಸುತ್ತು ತಿರುವಿ ನೋಡಬೇಕು ಎಂದು ಹಾಳೆಯಲ್ಲೇ ಇದೆ, ಅವನೂ ಒಂದು ಕಾಲಕ್ಕೆ ತಿರುವುತ್ತಿದ್ದ — ಆಕೆ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಕೂಡಿಸಿದಳು, ಎಳೆದಳು, ಅರ್ಧ ಸುತ್ತು ಬಂತೋ ಇಲ್ಲವೋ, ಟಕ್, ಕಟ್ಟಿಕೊಂಡ ಗಾಳಿಯ ಮೆತ್ತನೆ ಬಿಗುವಲ್ಲ ಇದು, ಕಬ್ಬಿಣಕ್ಕೆ ಕಬ್ಬಿಣ, ಮೊಣಕೈತನಕ ತಿಳಿಯಿತು.

ಧನರಾಜ, ಚಾವಿ ತೆಗದು ಕೈಯಾಗ ಹಿಡಕೋಪಾ — ತನ್ನ ದನಿಯೇ ಇದು, ಗಟ್ಟಿಯಾಗಿದೆ — ಪಾನಾ ಹಿಂದಕ್ಕೆ ತಂದು ಮೊದಲಿದ್ದಲ್ಲಿ ನಿಲ್ಲಿಸಿದಳು, ರೇವಣಪ್ಪ ಕೈ ಒರೆಸುತ್ತ ಬಂದ, ಯಾಕ, ಏನಾತು, ಒಂದು ಹಲ್ಲು ತಪ್ಪೇದರೀ, ಯಾರು ತಪ್ಪಿಸ್ಯಾರ, ನೀನಾ, ಅಲ್ಲರೀ, ನೀವ. ಧನರಾಜ ಕೆಳಗಿಳಿದು ಬಂದು ನಿಂತ, ಒಮ್ಮೆ ಕಾಕಾನ ಮುಖ ನೋಡಿದ, ಒಮ್ಮೆ ನೆಲ ನೋಡಿದ. ಹುಚ್ಚು ಹಿಡದದೇನು ನಿನಗ, ಚುಕ್ಕಿ ಗೀರಿಗೆ ಸರಿ ಅದಲ್ಲ, ಇಗಾ, ಎಂದು ರೇವಣಪ್ಪ ಬಗ್ಗಿದ, ಮೂಗು ಬೆಲ್ಟಿಗೆ ತಾಗುವಷ್ಟು ಬಗ್ಗಿದ, ಉಗುರಿನಿಂದ ಹಲ್ಲು ಮುಟ್ಟಿದ, ಮುಟ್ಟಿದ್ದೇ ತಡ ಬಿಳಿ ಪುಡಿಯಾಗಿ ಉದುರಿ ಉಗುರಿಗೆ ಹತ್ತಿತು, ಬರಿ ಕಬ್ಬಿಣ ಉಳಿಯಿತು, ಅವನು ಬೆರಳನ್ನು ಬೆರಳಿಗೆ ಉಜ್ಜಿದ, ಮೂಸಿದ, ತನ್ನ ಕೈಯಿಂದಲೇ ಬಿದ್ದದ್ದು ಎಂದು ತಿಳಿದಿರಬೇಕು, ಹಾಗಾರ ಖರೇ ಚುಕ್ಕಿ ಎಲ್ಲಿ ಅದ, ತೋರಸು, ಎಂದ, ಅಷ್ಟು ಸಣ್ಣ ದನಿ ಆಕೆ ಕೇಳಿರಲಿಲ್ಲ, ಅಲ್ಲೇ ಅದರೀ, ನಿಮ್ಮ ಉಗುರಿನ ಬಾಜೂಕ, ಎಂದಳು, ಉಗುರು ಆ ಕಡೆ ಸರಿಯಿತು, ಈ ಕಡೆ ಸರಿಯಿತು, ನಿಂತಿತು, ಅದರ ಪಕ್ಕದಲ್ಲೇ, ಎಣ್ಣೆ ತುಂಬಿದ ಆ ಕರಿ ಚುಕ್ಕೆ, ಒಂದು ಹಲ್ಲು ಆಚೆ.