ಹೊಗೆ ಬಾರದ ಒಲೆಗೂ ಬಯಲೇ ಬೇಕು

ಚಳಿ ಇನ್ನೂ ಪೂರ್ತಿ ಬಂದಿರಲಿಲ್ಲ, ಬರುವ ಸೂಚನೆ ಮಾತ್ರ ಇತ್ತು. ಬಸ್ ನಿಲ್ದಾಣದ ಎದುರು ತಳ್ಳುಗಾಡಿಯ ಪಕ್ಕದಲ್ಲಿ ಕೂತು ಸೊಸೆ ಮುಸುಕಿನ ಜೋಳದ ತೆನೆ ಸುಲಿದು ಕೊಡುತ್ತಿದ್ದಳು. ಅತ್ತೆ ಅದನ್ನು ಕೆಂಡದ ಮೇಲೆ ಹೊರಳಿಸುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಹೊರಳಿಸುತ್ತಿರುವ ಕೈ ಅದು. ಹೊಗೆಗೆ ಅವರ ಕಣ್ಣು ಸದಾ ಕೆಂಪು. ಗಾಡಿ ಎಲ್ಲಿದೆ ಎಂದು ಗಿರಾಕಿಗಳು ಅವರ ಕೆಮ್ಮಿನಿಂದಲೇ ಗುರುತು ಹಿಡಿಯುತ್ತಿದ್ದರು. ಇನ್ನು ಹೊಗೆಯಿಂದ ದೂರ ಇರಲೇಬೇಕೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಅದಕ್ಕೇ ಸೊಸೆ ಒಂದು ಪುಟ್ಟ ಗ್ಯಾಸ್ ಗ್ರಿಲ್ ತಂದಳು. ಕಡಿಮೆ ಬೆಲೆಯದು. ಡಬ್ಬದ ಮೇಲೆ ‘ಇನ್‌ಫ್ರಾರೆಡ್’ ಎಂದೂ ಅದರ ಕೆಳಗೆ ‘ಹೊಗೆ ಇಲ್ಲ’ ಎಂದೂ ಬರೆದಿತ್ತು. ಉರಿ ಮೇಲೆ ಬರುವುದಿಲ್ಲ. ಸಣ್ಣ ತೂತುಗಳ ಒಂದು ಸೆರಾಮಿಕ್ ಬಿಲ್ಲೆ ಕಾದು ಕೆಂಪಾಗುತ್ತದೆ, ಅದರ ಶಾಖವೇ ತೆನೆಯನ್ನು ಸುಡುತ್ತದೆ.

ಅತ್ತೆ ಅದನ್ನು ಮುಟ್ಟಲೇ ಇಲ್ಲ.

“ಉರಿಯೇ ಕಾಣದ ಬೆಂಕಿನ ಹೇಗೆ ನಂಬೋದು? ನಿಮ್ಮ ಮಾವನ ಸಿಟ್ಟಾದ್ರೂ ಮುಖದಲ್ಲಿ ಕಾಣ್ತಿತ್ತು,” ಎಂದರು.

ಸೊಸೆ ಸ್ಟೌವ್ ಅಕ್ಕನನ್ನು ಕರೆದುಕೊಂಡು ಬಂದಳು. ಆ ಬೀದಿಯಲ್ಲಿ ಒಲೆ ರಿಪೇರಿ ಮಾಡುವವರು ಅವರೊಬ್ಬರೇ. ಚೀಲ ಇಳಿಸಿ, ಗ್ರಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಅಗ್ಗದ್ದೆಲ್ಲ ಕೆಟ್ಟದ್ದು ಅಂತಲ್ಲಮ್ಮ. ಏನನ್ನ ಬಿಟ್ಟು ಅಗ್ಗ ಮಾಡಿದಾರೆ ಅಂತ ನೋಡ್ಬೇಕು,” ಎಂದರು.

ಬಿಟ್ಟದ್ದು ಪೈಪಿನಲ್ಲಿ ಎಂದು ಬೇಗ ಗೊತ್ತಾಯಿತು. ಗ್ಯಾಸ್ ಹರಿಸಿ, ಪೈಪು ಕೂಡುವ ಕೀಲಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದಿತು. ಸೋರಿದ ಗ್ಯಾಸಿನ ವಾಸನೆ ಬಂದೇ ಬರುತ್ತದೆ, ಮೂಗಿನ ಮೇಲೂ ಗಮನ ಇರಲಿ ಎಂದು ಹೇಳಿ, ಅಕ್ಕ ಆ ಪೈಪು ತೆಗೆದು ದಪ್ಪನೆಯದು ಹಾಕಿ ಬಿಗಿದರು. ಮತ್ತೆ ಸೋಪು ಹಚ್ಚಿದರು, ಗುಳ್ಳೆ ಏಳಲಿಲ್ಲ. ಬೆಂಕಿ ಆರಿದರೆ ಗ್ಯಾಸು ತಾನಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದರು, ನಿಲ್ಲುತ್ತಿತ್ತು. ಬಿಲ್ಲೆಯಲ್ಲಿ ಬಿರುಕಿರಲಿಲ್ಲ. ನಾಲ್ಕು ತೆನೆ ಸುಟ್ಟು ನೋಡಿದಾಗ ನಡುವಿನ ಎರಡು ಕಪ್ಪಾದವು, ಅಂಚಿನ ಎರಡು ಹಸಿಯಾಗೇ ಉಳಿದವು. ಜಾಗ ಬದಲಿಸುತ್ತಾ ಹೊರಳಿಸಬೇಕು ಎಂದರು. ಸುಡುವಾಗಲೇ ಉಪ್ಪುನೀರು ಚಿಮುಕಿಸುವ ಅಭ್ಯಾಸ ಅತ್ತೆಗಿತ್ತು. ಅದು ಬಿದ್ದರೆ ಕಾದ ಬಿಲ್ಲೆ ಒಡೆಯುತ್ತದೆ, ಇಳಿಸಿದ ಮೇಲೆ ಸವರಿ ಎಂದು ಎರಡು ಸಲ ಹೇಳಿದರು.

ವಾರ ಕಳೆಯುವಷ್ಟರಲ್ಲಿ ಅತ್ತೆಯ ಕೆಮ್ಮು ಕಡಿಮೆಯಾಯಿತು. ಬಂದವರಿಗೆಲ್ಲ ಗ್ರಿಲ್ಲನ್ನು ಹೊಗಳಿದ್ದೇ ಹೊಗಳಿದ್ದು. ಸೊಸೆ ಒಳಗೊಳಗೇ ನಕ್ಕಳು.

ಆಮೇಲೆ ಒಂದು ಮಧ್ಯಾಹ್ನ ಜಿನುಗು ಮಳೆ ಹಿಡಿಯಿತು. ಗಾಳಿಗೆ ಬಿಲ್ಲೆಯ ಕೆಂಪು ಅಲ್ಲಲ್ಲಿ ಆರಿ ಕಪ್ಪಾಗುತ್ತಿತ್ತು. ಸೊಸೆ ತೆನೆ ತರಲು ಹೋಗಿದ್ದಳು. ಗಾಡಿಯ ಹಿಂದೆ ಮೂಟೆ ಇಡುವ ಸಣ್ಣ ಕೋಣೆ ಇತ್ತು. ಅದಕ್ಕೆ ಕಿಟಕಿ ಇಲ್ಲ, ಇದ್ದದ್ದು ಷಟರ್ ಒಂದೇ. ಹೊಗೆ ಬರುವುದಿಲ್ಲವಲ್ಲ ಎಂದು ಅತ್ತೆ ಗ್ರಿಲ್ಲನ್ನೂ ಸಿಲಿಂಡರನ್ನೂ ಒಳಗೆ ಸಾಗಿಸಿ, ಥಂಡಿ ಗಾಳಿ ಬರದಂತೆ ಷಟರನ್ನು ಗೇಣುದ್ದ ಬಿಟ್ಟು ಎಳೆದುಕೊಂಡರು. ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಬೆಳಿಗ್ಗೆ ಸರಿಯಾಗಿ ತಿನ್ನದೇ ಇದ್ದದ್ದಕ್ಕೆ ಹೀಗೆ ಎಂದುಕೊಂಡು ಮೂಟೆಗೆ ಒರಗಿದರು.

ಅದೇ ದಾರಿಯಲ್ಲಿ ಸ್ಟೌವ್ ಅಕ್ಕ ಬಂದದ್ದು ಪುಣ್ಯ. ಗಾಡಿ ಖಾಲಿ. ಷಟರಿನ ಕೆಳಗೆ ಕೆಂಪು ಬೆಳಕು. ಅವರು ಚೀಲ ಎಸೆದು ಷಟರ್ ಎತ್ತಿದರು. ತೆನೆಗಳು ಸೀದು ಇದ್ದಿಲಾಗಿದ್ದವು. ಅತ್ತೆಯ ಮಾತು ತೊದಲುತ್ತಿತ್ತು.

“ನಿದ್ದೆ ಬರ್ತಿದೆ ಕಣಮ್ಮ. ಸ್ವಲ್ಪ ಬಿಡು.”

ಅಕ್ಕ ಬಿಡಲಿಲ್ಲ. ಅವರ ಕಂಕುಳಿಗೆ ಕೈ ಹಾಕಿ ಬಯಲಿಗೆ ಎಳೆದು ತಂದು, ಆಮೇಲೆ ಉಸಿರು ಕಟ್ಟಿ ಒಳಗೆ ಹೋಗಿ ಸಿಲಿಂಡರ್ ಬಂದ್ ಮಾಡಿದರು. ಪಕ್ಕದ ಟೀ ಅಂಗಡಿಯವನು ಆಟೋ ಕರೆಸಿದ. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಆಮ್ಲಜನಕ ಕೊಟ್ಟರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು, ಸುದ್ದಿ ತಿಳಿದು ಓಡಿಬಂದ ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದರು.

ಸ್ಟೌವ್ ಅಕ್ಕ ಹಾಸಿಗೆಯ ಪಕ್ಕದಲ್ಲೇ ಕೂತಿದ್ದರು. ಅತ್ತೆಗೆ ಒಂದೇ ಅನುಮಾನ. “ಹೊಗೆ ಇರ್ಲಿಲ್ಲ. ವಾಸನೆನೂ ಇರ್ಲಿಲ್ಲ. ಸೋರಿದ್ರೆ ವಾಸನೆ ಬರುತ್ತೆ ಅಂದಿದ್ದೆಯಲ್ಲ?”

“ಸೋರಿದ್ದಲ್ಲಮ್ಮ. ಒಲೆ ಕೆಟ್ಟಿರ್ಲಿಲ್ಲ. ಮುಚ್ಚಿದ ಕೋಣೇಲಿ ಗಾಳಿ ಸಾಲದೆ ಉರಿದ್ರೆ ಒಂದು ವಿಷಗಾಳಿ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇದ್ದಿಲ ಕೆಂಡದಿಂದಾನೂ ಬರುತ್ತೆ. ಆದ್ರೆ ನಿಮ್ಮ ಹಳೇ ಒಲೆ ಹೊಗೆ ನಿಮ್ಮನ್ನ ಒಳಗೆ ಕೂರೋಕೇ ಬಿಡ್ತಿರ್ಲಿಲ್ಲ. ಕೆಮ್ಮಿಸಿ ಹೊರಗೆ ಅಟ್ತಿತ್ತು.”

ಆ ಗ್ರಿಲ್ಲನ್ನು ಇವತ್ತೇ ಗುಜರಿಗೆ ಹಾಕುತ್ತೇನೆಂದು ಸೊಸೆ ಕಣ್ಣೊರೆಸಿಕೊಂಡಳು.

“ಯಾಕೆ ಹಾಕ್ತೀಯ? ಷಟರ್ ಎಳೆದ ಕೈ ನಂದು,” ಎಂದರು ಅತ್ತೆ. “ಅದರಿಂದ ನನ್ನ ಕೆಮ್ಮು ಹೋಗಿದೆ. ಬಯಲಲ್ಲೇ ಇರ್ಲಿ. ಮಳೆ ಬಂದ ದಿನ ವ್ಯಾಪಾರ ಬೇಡ.”

ಸ್ಟೌವ್ ಅಕ್ಕ ಅತ್ತೆಯ ಕೈ ಹಿಡಿದು ಹಿಸುಕಿದರು. “ತಪ್ಪು ನಂದೂ ಇದೆ. ಒಲೆ ನೋಡಿದೆ, ಆದ್ರೆ ಒಲೆ ಇಡೋ ಜಾಗ ಕೇಳ್ಲಿಲ್ಲ. ಇಂಥದ್ದೇ ಗ್ರಿಲ್ಲು ಇನ್ನೂ ಆರು ಜನಕ್ಕೆ ನೋಡಿ ಕೊಟ್ಟಿದೀನಿ. ಅವರಿಗೂ ಹೇಳಿಲ್ಲ.”

“ಹಾಗಾದ್ರೆ ಆರು ಜನಕ್ಕೆ ಒಂದೊಂದು ಮಾತು ಬಾಕಿ ಇಟ್ಟಿದೀಯ,” ಎಂದರು ಅತ್ತೆ. “ಇಲ್ಲಿ ಕೂತು ನನ್ನ ಕೈ ಯಾಕೆ ಹಿಸುಕ್ತೀಯ? ಹೋಗಿ ತೀರಿಸು.”

ಮರುದಿನದಿಂದ ಅಕ್ಕ ಮನೆ ಮನೆ ಅಲೆದರು. ಒಬ್ಬರು ಚಳಿಗೆಂದು ಗ್ರಿಲ್ಲನ್ನು ಮಕ್ಕಳು ಮಲಗುವ ಕೋಣೆಯಲ್ಲೇ ಇಟ್ಟಿದ್ದರು. ಅಕ್ಕ ಎದುರಿಗೇ ನಿಂತು ಹೊರಗೆ ಹಾಕಿಸಿದರು. ಐದು ಜನ ಸಿಕ್ಕರು. ಆರನೆಯವನು ಮೀನು ಸುಡುವವನು, ಗಾಡಿ ಸಮೇತ ಬೇರೆ ಊರಿಗೆ ಹೋಗಿದ್ದಾನೆ. ಯಾವ ಊರು ಎಂದು ಯಾರಿಗೂ ಗೊತ್ತಿಲ್ಲ. ಫೋನು ಹೋಗುವುದಿಲ್ಲ.

ಇದನ್ನು ಓದುತ್ತಿರುವವರೇ, ಅವನು ನಿಮ್ಮ ಬೀದಿಯಲ್ಲೇ ಇರಬಹುದು. ಅವನಿಗೆ ಹೇಳಿ, ನೀವೂ ಕೇಳಿಸಿಕೊಳ್ಳಿ. ಗ್ರಿಲ್ ಕೊಳ್ಳುವಾಗ ಪೈಪು, ಅದರ ಕೀಲು, ಬಿಲ್ಲೆ ನೋಡಿ. ಸೋಪಿನ ನೀರು ಹಚ್ಚಿ ನೋಡಿ. ಅದಕ್ಕೂ ಮೊದಲು, ಇಡುವ ಜಾಗ ನೋಡಿ. ಗ್ಯಾಸಿನ ಗ್ರಿಲ್ಲಾಗಲಿ ಕೆಂಡವಾಗಲಿ ಬಯಲಲ್ಲೇ ಇರಲಿ. ಮನೆಯೊಳಗೆ, ಮುಚ್ಚಿದ ಅಂಗಡಿಯಲ್ಲಿ, ಡೇರೆಯಲ್ಲಿ ಬೇಡವೇ ಬೇಡ. ಉರಿಯ ಹತ್ತಿರ ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ಹಸಿವು, ದಣಿವು ಎಂದುಕೊಳ್ಳದೆ ಮೊದಲು ಹೊರಗೆ ಬನ್ನಿ, ನೇರ ಆಸ್ಪತ್ರೆಗೆ ಹೋಗಿ.

ಸ್ಟೌವ್ ಅಕ್ಕ ಇವತ್ತೂ ಬಸ್ಸಿಳಿದು ಬಂದವರನ್ನೆಲ್ಲ ನಿಲ್ಲಿಸಿ, ಮೀನು ಸುಡುವವನನ್ನು ಎಲ್ಲಾದರೂ ಕಂಡಿರಾ ಎಂದು ಕೇಳುತ್ತಾರೆ. ಆ ಒಂದು ಮಾತು ಇನ್ನೂ ಬಾಕಿ ಇದೆ.