ಬ್ಯಾಟರಿ ಪೆಟ್ಟಿಗೆಯಲ್ಲಿ ಹೊಲಿಗೆ ದಾರ

ಸೊಸೆ ಆ ಬೈಕನ್ನು ತಳ್ಳಿಕೊಂಡು ಬಂದಾಗ ನಾನು ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದೆ. ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದೆ. ಕಿಟಕಿ ಸರಳಿಗೆ ಬಳಿಯುವಂಥ ಹಸಿರು ಬಣ್ಣವನ್ನು ಅದರ ಮೈತುಂಬ ಬಳಿದಿದ್ದರು. ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಸೀಟು ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು.

"ಇದನ್ನ ನೀನು ದುಡ್ಡು ಕೊಟ್ಟು ತಂದ್ಯಾ, ಇಲ್ಲಾ ತಗೊಂಡು ಹೋದ್ರೆ ಸಾಕು ಅಂತ ಅವರೇ ಕೊಟ್ರಾ?"

"ಕರೆಂಟ್ ಬೈಕ್ ಅತ್ತೆ. ಹಳೇ ಸಾಮಾನಿನ ಅಂಗಡೀಲಿ ಸಿಕ್ತು. ಮದುವೆ ಆದ್ಮೇಲೆ ಆ ಮನೆಯಿಂದ ಬೇಕರಿ ಕೆಲಸಕ್ಕೆ ನಡ್ಕೊಂಡು ಹೋಗೋಕಾಗುತ್ತಾ?"

ಮದುವೆ ಅವಳದೇ. ನನ್ನ ಮಗ ಸರಕು ದೋಣಿಯಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದ್ದ. ದೋಣಿ ಹೊಳೆಯಲ್ಲಿ ಮುಳುಗಿತು. ಕೆಲವರ ಹೆಣ ಸಿಕ್ಕಿತು, ಅವನದು ಸಿಗಲಿಲ್ಲ. ಆಮೇಲೆ ಐದು ವರ್ಷ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ದಿನ ದೂಡಿದೆವು. ಈಗ ಅವಳಿಗೊಬ್ಬ ಮೆಕ್ಯಾನಿಕ್ ಸಿಕ್ಕಿದ್ದಾನೆ. ಬೀದಿಯವರೆಲ್ಲ ಅವನನ್ನು ಸ್ಪ್ಯಾನರ್ ಎಂದೇ ಕರೆಯುವುದು. ಮದುವೆಗೆ ಅವಳು ಹಾಕಿದ ಷರತ್ತು ಒಂದೇ, ಅತ್ತೆಯೂ ಜೊತೆಗೆ ಬರುತ್ತಾರೆ ಅಂತ. ಅವನು ತಕರಾರೆತ್ತದೆ ಒಪ್ಪಿ, ಬೆಳಕು ಚೆನ್ನಾಗಿ ಬರುವ ಕೋಣೆಯನ್ನು ನನ್ನ ಹೊಲಿಗೆ ಯಂತ್ರಕ್ಕೆಂದು ಖಾಲಿ ಮಾಡಿಟ್ಟಿದ್ದ. ಈ ವಯಸ್ಸಿನಲ್ಲಿ ಇಂಥ ಅದೃಷ್ಟ ಯಾರಿಗುಂಟು ಯಾರಿಗಿಲ್ಲ!

ಮಧ್ಯಾಹ್ನ ಸ್ಪ್ಯಾನರ್ ಬಂದ. ರಿಪೇರಿಗಿಂತ ಮೊದಲು ಇದು ಯಾವ ಗಾಡಿ ಎಂದು ಗೊತ್ತಾಗಬೇಕಂತೆ. ಇಲ್ಲದಿದ್ದರೆ ಯಾವ ಬಿಡಿಭಾಗವೂ ಹೊಂದುವುದಿಲ್ಲವಂತೆ. ಹ್ಯಾಂಡಲ್ ಕೆಳಗಿನ ಬಣ್ಣವನ್ನು ಬ್ಲೇಡಿನಿಂದ ಕೆರೆದ. ಹಿಂದಿನ ಚಕ್ರದ ಮೋಟಾರನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದ.

"ಫ್ರೇಮ್ ಒಂದು ಕಂಪನಿದು, ಮೋಟಾರ್ ಇನ್ನೊಂದರದ್ದು, ಕಂಟ್ರೋಲರ್ ಯಾರ್ದು ಅಂತ ದೇವರಿಗೇ ಗೊತ್ತು."

"ಹಾಗಾದ್ರೆ ಇದಕ್ಕೆ ಮೂರು ಜನ ಅಪ್ಪಂದಿರು," ಎಂದೆ. ಸೊಸೆ ಬಿದ್ದು ಬಿದ್ದು ನಕ್ಕಳು.

"ಆದ್ರೆ ಮೋಟಾರ್ ಗಟ್ಟಿ ಅಮ್ಮ. ಅಂಚೆ ಮೂಟೆ ಸಾಗಿಸೋ ಗಾಡಿಗಳಿಗೆ ಹಾಕ್ತಿದ್ದದ್ದು. ಬ್ಯಾಟರಿ ಬದುಕಿದ್ರೆ ಇದೂ ಬದುಕಿದ ಹಾಗೆ."

ಚಾರ್ಜರ್ ಚುಚ್ಚಿದರೆ ದೀಪವೇ ಹತ್ತಲಿಲ್ಲ. ಅವನು ಸೀಟು ಎತ್ತಿ, ಬ್ಯಾಟರಿ ಪೆಟ್ಟಿಗೆ ಹೊರಗೆ ತೆಗೆದು ಮುಚ್ಚಳ ಬಿಚ್ಚಿದ. ಕರೆಂಟ್ ಅಳೆಯುವ ಮೀಟರಿನ ಕಡ್ಡಿಗಳನ್ನು ಅಲ್ಲಿ ಇಲ್ಲಿ ಮುಟ್ಟಿಸಿ, ತಲೆ ಚಚ್ಚಿಕೊಂಡ.

"ಯಾವ ಪುಣ್ಯಾತ್ಮ ಮಾಡಿದ್ದೋ ಇದನ್ನ! ಪ್ಲಸ್‌ಗೆ ಒಂದು ಕಡೆ ಕೆಂಪು ವೈರು, ಇನ್ನೊಂದು ಕಡೆ ಕಪ್ಪು. ಬಣ್ಣ ನಂಬಿ ಕೈ ಹಾಕಿದ್ರೆ ಸುಟ್ಟು ಹೋಗ್ತಿತ್ತು. ಸಾಲದ್ದಕ್ಕೆ ದಾರ ಬೇರೆ ಸುತ್ತಿದಾನೆ."

ಇನ್ನೊಂದು ಜೋಕು ಹೊಡೆಯೋಣವೆಂದು ಬಗ್ಗಿದೆ.

ಪ್ರತಿಯೊಂದು ವೈರಿನ ತುದಿಗೂ ಹೊಲಿಗೆ ದಾರ. ಕೋಟಿನ ಗುಂಡಿಯ ಬುಡಕ್ಕೆ ಸುತ್ತುವಂತೆ ಸುತ್ತಿ, ಎಡಕ್ಕೆ ಎಳೆದು ಬಿಗಿದ ಗಂಟು. ಪ್ಲಸ್‌ಗೆ ಒಂದು, ಮೈನಸ್‌ಗೆ ಎರಡು. ಆ ಗಂಟು ನನ್ನದು. ನಾನು ಎಡಚಿ, ಯಾರ ಹತ್ತಿರವೂ ಕಲಿಯದೆ ನನ್ನ ಕೈಗೆ ಒಗ್ಗಿದ ಹಾಗೆ ಹಾಕಿಕೊಂಡು ಬಂದದ್ದು. ಅದನ್ನು ಕಲಿತವನು ಒಬ್ಬನೇ. ನನ್ನ ಮಗನಿಗೆ ಕೆಂಪು, ಕಪ್ಪು, ಹಸಿರು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ತಿಳಿದರೆ ಯಾರೂ ವೈರಿಂಗ್ ಕೆಲಸ ಕೊಡುವುದಿಲ್ಲವೆಂದು ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಮೀಟರ್ ಹಿಡಿದು ನೋಡು, ನೋಡಿದ ಮೇಲೆ ಗಂಟು ಹಾಕು ಎಂದು ದಾರ ಕೊಟ್ಟವಳು ನಾನೇ.

"ಈ ಬ್ಯಾಟರಿ ಯಾವಾಗಿನದು?" ಎಂದೆ.

"ಹೊಸದೇ ಅಮ್ಮ. ಸೆಲ್ ಮೇಲೆ ಕಳೆದ ವರ್ಷದ ಅಚ್ಚಿದೆ. ಮೂಲೇಲಿ ನಿಂತು ನಿಂತು ಚಾರ್ಜ್ ಇಳಿದು ಹೋಗಿದೆ ಅಷ್ಟೆ. ಈ ವೈರೆಲ್ಲ ಕತ್ತರಿಸಿ ಬಿಸಾಕಿ, ನೆಟ್ಟಗೆ ಹೊಸದು ಹಾಕ್ತೀನಿ."

ಅವನು ಕಟರ್ ಎತ್ತಿಕೊಂಡ. ಅವನು ಕತ್ತರಿಸಿದರೆ ಮುಗಿಯಿತು. ಮದುವೆ ನಡೆಯುತ್ತದೆ, ಕೋಣೆ ಸಿಗುತ್ತದೆ, ನಾವು ಮೂವರೂ ನೆಮ್ಮದಿಯಾಗಿರುತ್ತೇವೆ. ಮಗ ಬದುಕಿದ್ದಾನೆಂದು ಬಾಯಿಬಿಟ್ಟರೆ ಮದುವೆ ನಿಂತೀತು. ನಡೆದರೂ, ಮಗ ಬದುಕಿರುವಾಗ ಇವಳ ಹೊಸ ಗಂಡನ ಮನೆಗೆ ನಾನು ಯಾರು? ಸುಮ್ಮನಿರು ಮುದುಕಿ ಎಂದು ಮನಸ್ಸು ಹೇಳಿತು.

"ಮುಟ್ಟಬೇಡ!" ಎಂದು ಕಿರುಚಿಬಿಟ್ಟೆ.

ಇಬ್ಬರೂ ಬೆಚ್ಚಿಬಿದ್ದರು. ಬೇಕರಿಯ ಬಟ್ಟೆ ಮಡಚುತ್ತಿದ್ದ ಸೊಸೆ ಎದ್ದು ಬಂದಳು. ನಾನು ಕೋಟನ್ನು ತಂದು, ಅರ್ಧ ಹಾಕಿದ್ದ ಗುಂಡಿಯ ಗಂಟನ್ನು ಮುಗಿಸಿ, ಆ ವೈರುಗಳ ಪಕ್ಕ ಇಟ್ಟೆ. ಆಮೇಲೆ ಎಲ್ಲ ಹೇಳಿದೆ. ಬಣ್ಣದ ವಿಷಯ, ದಾರದ ವಿಷಯ, ಒಂದನ್ನೂ ಮುಚ್ಚಿಡಲಿಲ್ಲ.

ಅವಳು ಅಳಲಿಲ್ಲ. ಬಣ್ಣಗೆಟ್ಟ ಮುಖದಲ್ಲಿ ಗಂಟನ್ನೂ ನನ್ನನ್ನೂ ನೋಡಿ, ಅಂಗಡಿಗೆ ಫೋನ್ ಮಾಡಿದಳು. "ಆ ಹಸಿರು ಬೈಕ್ ನಿಮಗೆ ಯಾರು ತಂದ್ಕೊಟ್ಟಿದ್ದು?" ಎಂದು ಕೇಳಿದಳು. ಆಮೇಲೆ ಬರೀ ಹೂಂ, ಹೂಂ. ಫೋನ್ ಇಟ್ಟವಳು ಗೋಡೆಗೆ ಒರಗಿದಳು.

"ಹೊಳೆ ಆಚೆ ರಿಪೇರಿ ಅಂಗಡಿ ಇಟ್ಟಿರೋನು ಕೊಟ್ಟಿದ್ದಂತೆ ಅತ್ತೆ. ಜಾಸ್ತಿ ಮಾತಾಡಲ್ಲವಂತೆ. ಮೀಟರ್ ಇಲ್ಲದೆ ಒಂದು ವೈರೂ ಮುಟ್ಟಲ್ಲವಂತೆ."

ಹೊಳೆ ಆಚೆ! ಸೇತುವೆ ದಾಟಿದರೆ ಅವನ ಅಂಗಡಿ. ಐದು ವರ್ಷ ಅವನ ಫೋಟೋ ಮುಂದೆ ಕೂತು ಅತ್ತಿದ್ದೇನೆ ನಾನು.

"ಇಷ್ಟು ಗಂಟು ಹಾಕಿದ ಕೈಗೆ ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ಅತ್ತೆ?" ಎಂದಳು.

ಸ್ಪ್ಯಾನರ್ ತಲೆ ತಗ್ಗಿಸಿ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನೀವೆಲ್ಲಿಗೆ ಹೊರಟ್ರಿ?" ಎಂದು ಗದರಿದಳು. "ಗಾಡಿ ರೆಡಿ ಮಾಡಿ. ವೈರು ಬದಲಾಯಿಸಬೇಡಿ, ಹಾಗೇ ಇರಲಿ. ಅವನು ಹಾಕಿದ ವೈರಿನ ಮೇಲೇ ಅವನ ಹತ್ರ ಹೋಗ್ತೀನಿ."

"ವಾಪಸ್ ಕರ್ಕೊಂಡು ಬರೋಕಾ?" ಸ್ಪ್ಯಾನರ್ ಚೀಲ ಕೆಳಗಿಟ್ಟು ಕೇಳಿದ.

"ಡೈವೋರ್ಸಿಗೆ ಸಹಿ ಹಾಕಿಸ್ಕೊಳ್ಳೋಕೆ."

ಅವನು ಮತ್ತೆ ಗಾಡಿ ಮುಂದೆ ಕೂತ. ಬೇರೆ ಚಾರ್ಜರಿನಿಂದ ಬ್ಯಾಟರಿಗೆ ಸ್ವಲ್ಪ ಸ್ವಲ್ಪವೇ ಕರೆಂಟ್ ಉಣಿಸಿದ. ಸ್ಕ್ರೂ ಜಾರಿ ಬೀಳುತ್ತಿತ್ತು. ಹೆಕ್ಕಿ ಮತ್ತೆ ಹಾಕುತ್ತಿದ್ದ. ಸಂಜೆಯ ಹೊತ್ತಿಗೆ ದೀಪ ಹತ್ತಿತು, ಹಿಂದಿನ ಚಕ್ರ ಸದ್ದಿಲ್ಲದೆ ತಿರುಗತೊಡಗಿತು. ಯಾರೂ ಖುಷಿಪಡಲಿಲ್ಲ.

ಸೊಸೆ ಹತ್ತಿ ಕೂತಳು. ನಾನೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

"ನೀವು ಬೇಡ ಅತ್ತೆ. ತಡ್ಕೊಳ್ಳೋಕೆ ಆಗಲ್ಲ ನಿಮಗೆ."

"ಅವನ ಕೆನ್ನೆಗೆ ಬಾರಿಸೋಕೆ ನೀನು ಸಾಕಾಗಲ್ಲ ಕಣೇ. ಹೆತ್ತವಳ ಕೈಯೇ ಬೇಕು."

ಅವಳು ಮುಂದಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅವಳ ಸೊಂಟ ಹಿಡಿದು ಕೂತೆ. ಬೈಕು ಬೀದಿ ದಾಟಿತು, ಸೇತುವೆ ಹತ್ತಿತು, ಕೆಳಗೆ ಹೊಳೆ ಕಾಣಿಸಿತು. ಇದರಲ್ಲೇ ಹೋದನೆಂದು ನಾನು ಇಷ್ಟು ದಿನ ಕಣ್ಣೆತ್ತಿ ನೋಡದಿದ್ದ ನೀರು. ಆಗ, ಅಷ್ಟು ತಡವಾಗಿ, ನನ್ನ ಮಗ ಬದುಕಿದ್ದಾನೆ ಎನ್ನುವ ಸಂತೋಷ ಹೊಟ್ಟೆಯಿಂದ ಉಕ್ಕಿ ಬಂತು. ಐದು ವರ್ಷ ನಮ್ಮನ್ನು ಗೋಳಾಡಿಸಿದವನಿಗಾಗಿ ಹಿಗ್ಗಿದೆನಲ್ಲ ಎಂದು, ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೇ ಬಂತು. ಈ ಸಂತೋಷ ಅವಳಿಗೆ ಗೊತ್ತಾಗಬಾರದೆಂದು ಅವಳ ಬೆನ್ನಿಗೆ ಮುಖ ಒತ್ತಿ ಹಿಡಿದೆ. ಅವಳಿಗೆ ಗೊತ್ತಾಯಿತು. ಬೈಕನ್ನು ನಿಧಾನ ಮಾಡಿದಳು, ಆದರೆ ನಿಲ್ಲಿಸಲಿಲ್ಲ.