ಉಪ್ಪಿನ ಕಡಲಿಗೆ ಮೂರು ಅಂಕ

ಮೂಡಿಗೆರೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವ ನಿಖತ್‌ಗೆ ಇದ್ದದ್ದು ಒಂದೇ ಹಠ. ಭಾನುವಾರ ಮಧ್ಯಾಹ್ನ ಅವಳನ್ನು ಯಾರೂ ಎಲ್ಲಿಗೂ ಕರೆಯಬಾರದು. ಆ ಹೊತ್ತು ‘ಧ್ರುವದಾಚೆ’ಗೆ ಮೀಸಲು.

‘ಧ್ರುವದಾಚೆ’ ಎಂಬತ್ತರ ದಶಕದ ಕೊನೆಯಲ್ಲಿ ಟೀವಿಯಲ್ಲಿ ಬರುತ್ತಿದ್ದ ಧಾರಾವಾಹಿ. ವಾರಕ್ಕೊಂದು ಕಥೆ, ಥರ್ಮಾಕೋಲಿನ ರಾಕೆಟ್ಟು, ಬಣ್ಣ ಬಳಿದ ಪರದೆಯ ಮೇಲಿನ ಗ್ರಹಗಳು, ಬೆಳ್ಳಿ ಕಾಗದ ಹಚ್ಚಿದ ಉಡುಪು ತೊಟ್ಟು ಗಂಭೀರವಾಗಿ ಕನ್ನಡ ಮಾತಾಡುವ ಗಗನಯಾತ್ರಿಗಳು. ಯಾರೋ ಪುಣ್ಯಾತ್ಮರು ಹಳೆಯ ಟೇಪುಗಳಿಂದ ತೆಗೆದು ಯೂಟ್ಯೂಬಿಗೆ ಹಾಕಿದ ಮೇಲೆ ಅದಕ್ಕೆ ಮತ್ತೆ ಜೀವ ಬಂದಿತ್ತು. ವಾಟ್ಸಾಪಿನಲ್ಲಿ ಒಂದು ಬಳಗವೂ ಹುಟ್ಟಿತ್ತು. ಭಾನುವಾರ ಎಲ್ಲರೂ ಒಂದೇ ಹೊತ್ತಿಗೆ ಒಂದು ಕಥೆ ನೋಡುವುದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು, ಆಮೇಲೆ ಕತ್ತಲಾಗುವವರೆಗೂ ಜಗಳ.

ಬಳಗ ಕಟ್ಟಿದವರು ಇಬ್ಬರು. ಒಬ್ಬ ದೇವೇಂದ್ರ, ಮೂಡಿಗೆರೆಯಿಂದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಇನ್ನೊಬ್ಬ ಕಡೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ ಜಯಪ್ರಕಾಶ್. ಇಬ್ಬರೂ ಎದುರಾಬದುರು ಕೂತು ಮಾತಾಡಿದ್ದೇ ಇಲ್ಲ. ಆದರೆ ಒಬ್ಬನಿಗೆ ಎಂಟು ಎನಿಸಿದ ಕಥೆ ಇನ್ನೊಬ್ಬನಿಗೆ ನಾಲ್ಕು ಎನಿಸಲೇಬೇಕು, ಹಾಗಿತ್ತು ಅವರ ಸಂಬಂಧ. ಸೋಲುವ ಹೊತ್ತಿಗೆ ನೆಪ ಹೇಳಿ ಜಾರಿಕೊಳ್ಳುವುದೂ ಬಳಗದಲ್ಲಿ ಮಾಮೂಲು. ‘ಕರೆಂಟ್ ಹೋಯ್ತು’, ‘ನೆಂಟರು ಬಂದ್ರು’ ಎಂದು ಯಾರಾದರೂ ಹಾಕಿದರೆ ಉಳಿದವರು ನಗುವ ಮುಖಗಳನ್ನು ಸುರಿಯುತ್ತಿದ್ದರು.

ಆ ಡಿಸೆಂಬರಿನ ಭಾನುವಾರ ನಿಖತ್ ಮತ್ತು ಯಶೋದಾ ಟೀಚರ್ ಒಟ್ಟಿಗೆ ಕಥೆ ನೋಡಲು ದೇವೇಂದ್ರನ ಕ್ವಾರ್ಟರ್ಸಿಗೆ ಹೋಗಿದ್ದರು. ಟೀಚರ್ ಹಿಂದೆ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಧಾರಾವಾಹಿ ಮೊದಲು ಬಂದಾಗಲೇ ಅಲ್ಲಿ ಪಕ್ಕದ ಮನೆಯ ಟೀವಿಯಲ್ಲಿ ನೋಡಿದವರು. ಬಳಗದಲ್ಲಿ ಅವರ ಮಾತಿಗೆ ತೂಕ ಹೆಚ್ಚು.

ಕ್ವಾರ್ಟರ್ಸು ಸಣ್ಣ ದಿಬ್ಬದ ಮೇಲಿತ್ತು. ಕಿಟಕಿಯಿಂದ ನೋಡಿದರೆ ಕೆಳಗೆ ಕಾಫಿ ಒಣಗಿಸುವ ಕಣ, ಅದರ ಅಂಚಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಪಕ್ಕದಲ್ಲಿ ಬೀಜ ತೊಳೆಯುವ ಸಿಮೆಂಟ್ ತೊಟ್ಟಿಗಳು. ವಾರದ ರಜೆ, ಆಳುಗಳೆಲ್ಲ ಸಂತೆಗೆ ಹೋಗಿದ್ದರು. ತೋಟದಲ್ಲಿ ಬೇರೆ ಸದ್ದೇ ಇರಲಿಲ್ಲ.

ಅವತ್ತಿನ ಕಥೆ ‘ಉಪ್ಪಿನ ಕಡಲು’. ದೂರದ ಒಂದು ಗ್ರಹದ ಕಡಲಿನಲ್ಲಿ ಸತ್ತವರ ಮಾತುಗಳು ಉಪ್ಪಾಗಿ ಉಳಿದಿರುತ್ತವೆ. ನೀರು ಬಾಯಿಗೆ ತಾಗಿದವರಿಗೆ ಅವು ಕೇಳುತ್ತವೆ. ಕೊನೆಯಲ್ಲಿ ನೌಕೆಯ ನಾಯಕಿ, ಭೂಮಿಯವರು ಯಾರೂ ಇಲ್ಲಿಗೆ ಬರದಿರಲಿ ಎಂದು ರೇಡಿಯೋ ಒಡೆದು ತಾನೂ ಅಲ್ಲೇ ಉಳಿಯುತ್ತಾಳೆ. ಬಳಗದ ಅರ್ಧ ಜನಕ್ಕೆ ಇದು ಇಡೀ ಸರಣಿಯ ಕಿರೀಟ. ಕಥೆ ಮುಗಿಯುವ ಮೊದಲೇ ಜಯಪ್ರಕಾಶ್ ಹತ್ತು ಅಂಕ ಹಾಕಿಬಿಟ್ಟಿದ್ದ. ಅಪ್ಪನ ಪಕ್ಕ ಕೂತು ಈ ಕಥೆ ನೋಡಿದ ನೆನಪನ್ನೂ ಬರೆದಿದ್ದ.

ದೇವೇಂದ್ರ ಮೂರು ಕೊಟ್ಟ.

“ಸ್ವಲ್ಪ ಯೋಚನೆ ಮಾಡಿ ಕೊಡು ಮಾರಾಯ,” ಎಂದರು ಟೀಚರ್.

“ಯೋಚನೆ ಮಾಡೇ ಕೊಟ್ಟಿದ್ದು ಟೀಚರ್. ಅವಳಿಗೆ ಅಲ್ಲಿ ಉಳೀಬೇಕು ಅಂತ ಆಸೆ. ಲೋಕ ಉಳಿಸ್ತೀನಿ ಅನ್ನೋದು ಬರೀ ನೆಪ. ಆ ಆಸೆನ ಕಥೆ ಬರೆದೋರು ಒಪ್ಕೊಳ್ಳಲ್ಲ. ಅದಕ್ಕೇ ಮೂರು.”

“ನಂಗೆ ಹಾಗನ್ಸಲಿಲ್ಲ ದೇವೇಂದ್ರಣ್ಣ,” ಎಂದಳು ನಿಖತ್. “ಅವಳು ಹೆದರಿದ್ಲು. ಹೆದರಿದೋರು ಏನಾದ್ರೂ ಒಡೀತಾರೆ.”

ದೇವೇಂದ್ರ ತನ್ನ ವಾದವನ್ನೆಲ್ಲ ಬಳಗಕ್ಕೂ ಬರೆದ. ಅವನ ಫೋನು ಒಂದೇ ಸಮನೆ ಕೂಗತೊಡಗಿತು. ಬಳಗದ ಮೆಸೇಜಿಗೆಂದು ಅವನು ಧಾರಾವಾಹಿಯ ನೌಕೆಯ ಸದ್ದನ್ನೇ ಇಟ್ಟುಕೊಂಡಿದ್ದ, ‘ಟುಂಯ್’ ಅನ್ನುವ ಚೂಪು ಸದ್ದು. ತೋಟದಲ್ಲಿ ಎಲ್ಲಿದ್ದರೂ ಕೇಳಲಿ ಎಂದು ಪೂರ್ತಿ ಜೋರಾಗಿಯೂ ಇಟ್ಟಿದ್ದ.

ಆಗ ಕೆಳಗಿನಿಂದ ನೀರು ತುಂಬಿ ಹರಿಯುವ ಸದ್ದು ಕೇಳಿಸಿತು. “ವಾಲ್ವ್ ಬಿಟ್ಟೇ ಹೋಗಿದಾರೆ. ನಿಲ್ಸಿ ಬರ್ತೀನಿ, ನೀವು ಕಾಫಿಗೆ ಇಡಿ,” ಎಂದು ದೇವೇಂದ್ರ ಉತ್ತರ ಟೈಪ್ ಮಾಡುತ್ತಲೇ ಇಳಿದು ಹೋದ.

ನಿಖತ್ ಕಿಟಕಿಯ ಬಳಿ ನಿಂತಿದ್ದಳು. ಅವನು ಫೋನನ್ನು ತೊಟ್ಟಿಯ ಗೋಡೆಯ ಮೇಲಿಟ್ಟು ಒಳಗೆ ಇಳಿದದ್ದು ಕಂಡಿತು. ಅದು ಖಾಲಿ ತೊಟ್ಟಿ, ಅವನ ಎದೆಮಟ್ಟದ್ದು. ತುಂಬಿ ಹರಿಯುತ್ತಿದ್ದ ಪಕ್ಕದ ತೊಟ್ಟಿಯ ವಾಲ್ವ್ ಇದ್ದದ್ದು ಅದರೊಳಗೆ. ಬಗ್ಗಿ ವಾಲ್ವ್ ತಿರುಗಿಸಿರಬೇಕು, ನೀರಿನ ಸದ್ದು ನಿಂತಿತು.

ಎದ್ದು ನಿಂತವನು ಹಾಗೇ ಕಲ್ಲಾದ. ಮರುಕ್ಷಣ ಅವನ ತಲೆ ಕಾಣದಾಯಿತು.

ಪಲ್ಪರ್ ಮನೆಯ ಹಿಂದೆ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ನಡುವೆ ಏನೋ ಕದಲಿದಂತಾಯಿತು. ಮೊದಲು ಅವಳಿಗೆ ಅದು ನೆರಳೆನಿಸಿತು. ನೆರಳು ಒಂದು ಹೆಜ್ಜೆ ಮುಂದಿಟ್ಟಿತು. ಕಾಫಿ ಗಿಡಗಳು ಮುರಿಯುವ ಸದ್ದೂ ಇಲ್ಲದೆ, ಅಷ್ಟು ದೊಡ್ಡ ದೇಹ ಕಣದ ಅಂಚಿಗೆ ಬಂದು ನಿಂತಿತು. ಒಂಟಿ ಸಲಗ. ಒಂದು ದಂತ ಅರ್ಧಕ್ಕೆ ಮುರಿದಿತ್ತು.

“ಟೀಚರ್,” ಎಂದಳು ನಿಖತ್. ಕೈ ಮಾಡಿ ಕರೆದಳು.

ಟೀಚರ್ ಬಂದು ನೋಡಿ ಕಿಟಕಿಯ ಸರಳು ಹಿಡಿದುಕೊಂಡರು. ಹೋದ ತಿಂಗಳಷ್ಟೇ ಪಕ್ಕದ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ ಒಬ್ಬಳನ್ನು ಆನೆ ಕೊಂದಿತ್ತು. ಇಬ್ಬರಿಗೂ ನೆನಪಾದದ್ದು ಅದೇ.

ಸಲಗ ತೊಟ್ಟಿಗಳ ಕಡೆಗೆ ನಡೆಯಿತು. ತುಂಬಿದ್ದ ತೊಟ್ಟಿಗೆ ಸೊಂಡಿಲು ಇಳಿಸಿ ನೀರು ಕುಡಿಯತೊಡಗಿತು. ದೇವೇಂದ್ರ ಅಡಗಿದ್ದದ್ದು ಅದರ ಪಕ್ಕದ ತೊಟ್ಟಿಯಲ್ಲಿ.

ಟುಂಯ್.

ಗೋಡೆಯ ಮೇಲೆ ಫೋನಿನ ಪರದೆ ಬೆಳಗಿ ಆರಿತು. ಆನೆ ಕುಡಿಯುವುದನ್ನು ನಿಲ್ಲಿಸಿತು. ಕಿವಿಗಳು ಅಗಲವಾದವು.

ನಿಖತ್ ತನ್ನ ಫೋನು ನೋಡಿದಳು. ತರೀಕೆರೆಯ ಯಾರೋ ಬರೆದಿದ್ದರು: ‘ಮೂರು ಕೊಟ್ಟವರಿಗೆ ನಾಚಿಕೆ ಇರಬೇಕು.’ ಅದರ ಬೆನ್ನಿಗೇ ಇನ್ನೊಂದು ಬಂತು. ಟುಂಯ್. ಮತ್ತೊಂದು. ಆನೆ ಸದ್ದು ಬಂದ ಕಡೆಗೆ ತಲೆ ತಿರುಗಿಸಿತು. ದೇವೇಂದ್ರ ಫೋನು ತೆಗೆದುಕೊಳ್ಳಬೇಕೆಂದರೆ ಗೋಡೆಯ ಮೇಲಕ್ಕೆ ಕೈ ಎತ್ತಬೇಕಿತ್ತು. ಆ ಕೈ ಆನೆಯ ಸೊಂಡಿಲಿಗೆ ಸಿಗುವಷ್ಟು ಹತ್ತಿರವಿತ್ತು.

ನಿಖತ್ ಬಳಗಕ್ಕೆ ಬರೆದಳು: ‘ದಯವಿಟ್ಟು ಯಾರೂ ಮೆಸೇಜ್ ಹಾಕಬೇಡಿ. ಇಲ್ಲಿ ಆನೆ ಬಂದಿದೆ.’ ಕಳಿಸಿದ ಮೇಲೆ ಅವಳಿಗೆ ಹೊಳೆಯಿತು. ಅವಳ ಮಾತೂ ಅಲ್ಲಿ ಹೋಗಿ ಕೂಗಿತ್ತು.

‘ಸೋಲೋವಾಗ ಕರೆಂಟ್ ಹೋಗ್ತಿತ್ತು, ಈಗ ಆನೆ ಬರೋಕೆ ಶುರುವಾಯ್ತು,’ ಎಂದು ಯಾರೋ ಬರೆದರು. ಕೆಳಗೆ ನಗುವ ಮುಖಗಳ ಸಾಲು. ಒಂದೊಂದು ಮುಖಕ್ಕೂ ಒಂದೊಂದು ಟುಂಯ್.

ಟೀಚರ್ ಆಗಲೇ ಮೂಲೆಗೆ ಹೋಗಿ ಆನೆ ಓಡಿಸುವ ಅರಣ್ಯದವರಿಗೆ ಫೋನು ಮಾಡಿದ್ದರು. “ಹೊರಟಿದಾರಂತೆ. ಘಾಟಿ ಕಡೆ ಇದ್ರಂತೆ, ಬರೋಕೆ ಹೊತ್ತಾಗತ್ತೆ,” ಎಂದು ಪಿಸುಗುಟ್ಟಿದರು. “ಕೂಗೋಣ್ವಾ? ತಟ್ಟೆ ಬಡಿಯೋಣ್ವಾ?”

“ಬೇಡ ಟೀಚರ್. ಗಾಬರಿಯಾದ್ರೆ ಅದು ಎಲ್ಲಿಗೆ ನುಗ್ಗತ್ತೋ. ಅಣ್ಣ ಅಲ್ಲೇ ಕಾಲಡೀಲಿದಾರೆ.”

ಗ್ರೂಪ್ ಬಂದ್ ಮಾಡಬೇಕಾದರೆ ಅಡ್ಮಿನ್‌ಗಳಿಂದ ಮಾತ್ರ ಸಾಧ್ಯ. ಒಬ್ಬ ತೊಟ್ಟಿಯಲ್ಲಿದ್ದ. ನಿಖತ್ ಇನ್ನೊಬ್ಬನಿಗೆ ಫೋನು ಮಾಡಿದಳು. ತುಂಬ ಹೊತ್ತು ರಿಂಗಾದ ಮೇಲೆ ಜಯಪ್ರಕಾಶ್ ಎತ್ತಿದ.

“ಅಣ್ಣ, ನಾನು ನಿಖತ್. ಗ್ರೂಪ್ ಬಂದ್ ಮಾಡಿ. ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿ, ಈಗ್ಲೇ.”

“ಅವನೇ ಹೇಳಿಕೊಟ್ಟು ಮಾಡಿಸ್ತಿದಾನಾ?” ಜಯಪ್ರಕಾಶನ ದನಿ ನೊಂದಿತ್ತು. “ಮೂರು ಕೊಟ್ಟಿದ್ದು ಅವನು, ಬಾಯಿ ಮುಚ್ಕೋಬೇಕಾದ್ದು ನಾವಾ? ನಮ್ಮಪ್ಪನ ಬಗ್ಗೆ ಬರೆದ ಮೇಲೂ ಹಂಗೆ ಆಡ್ತಾನಲ್ಲಮ್ಮ.”

“ಅದಲ್ಲ ಅಣ್ಣ. ನಿಜವಾಗ್ಲೂ ಆನೆ...”

“ಜೋರಾಗಿ ಮಾತಾಡಮ್ಮ, ಕೇಳ್ತಿಲ್ಲ.”

ಜೋರಾಗಿ ಮಾತಾಡಲು ಅವಳಿಂದಾಗಲಿಲ್ಲ. ಆನೆಯ ಕಿವಿಗಳು ಇನ್ನೂ ಅಗಲವಾಗೇ ಇದ್ದವು. ಅತ್ತ ಅವನು ಫೋನು ಇಟ್ಟುಬಿಟ್ಟ.

ನಿಖತ್ ಕಿಟಕಿಯ ಸರಳಿನ ನಡುವೆ ಫೋನು ಹಿಡಿದು ಒಂದು ಫೋಟೋ ತೆಗೆದಳು. ಗ್ರೂಪಿಗಲ್ಲ, ಜಯಪ್ರಕಾಶನೊಬ್ಬನಿಗೇ ಕಳಿಸಿದಳು. ಕೆಳಗೆ ಬರೆದಳು: ‘ದೇವೇಂದ್ರಣ್ಣ ಆ ತೊಟ್ಟಿಯೊಳಗೆ ಇದಾರೆ.’

ಅವನು ನೋಡಿದ ಗುರುತು ಬಂತು. ನಿಖತ್ ಉಸಿರು ಬಿಟ್ಟಳು.

ಗೋಡೆಯ ಮೇಲಿನ ಫೋನು ರಿಂಗಾಗತೊಡಗಿತು.

ಗಾಬರಿಯಲ್ಲಿ ಜಯಪ್ರಕಾಶ್ ಗ್ರೂಪು ಬಂದ್ ಮಾಡಿರಲಿಲ್ಲ. ಸೀದಾ ದೇವೇಂದ್ರನಿಗೇ ಫೋನು ಮಾಡಿದ್ದ. ‘ಧ್ರುವದಾಚೆ’ಯ ಶೀರ್ಷಿಕೆ ಸಂಗೀತ, ಶಹನಾಯಿ ಮತ್ತು ಡೋಲಿನ ಆ ಹಳೆಯ ರಾಗ, ಬಿಸಿಲು ಬಿದ್ದ ಖಾಲಿ ಕಣದಲ್ಲಿ ದೊಡ್ಡದಾಗಿ ಕೇಳಿಸಿತು. ಸಲಗ ಒಮ್ಮೆಲೇ ಪೂರ್ತಿ ತಿರುಗಿತು. ಮಣ್ಣು ಕೆದರಿತು. ಎರಡೇ ಹೆಜ್ಜೆಗೆ ಆ ತೊಟ್ಟಿಯ ಗೋಡೆಗೆ ಎದೆಯೊತ್ತಿ ನಿಂತಿತು.

ಟೀಚರ್ ಕಣ್ಣು ಮುಚ್ಚಿಕೊಂಡರು. ನಿಖತ್‌ಗೆ ಮುಚ್ಚಲಾಗಲಿಲ್ಲ.

ಸೊಂಡಿಲು ಫೋನನ್ನು ಮುಟ್ಟಿತು. ನಡುಗುತ್ತ ಹಾಡುತ್ತಿದ್ದ ಫೋನು ಜಾರಿ ತೊಟ್ಟಿಯೊಳಕ್ಕೆ ಬಿತ್ತು. ಹಾಡು ಇನ್ನೂ ಕೇಳುತ್ತಿತ್ತು, ಈಗ ಒಳಗಿನಿಂದ, ಗೋಡೆಗಳಿಗೆ ತಾಗಿ ಇನ್ನೂ ಜೋರಾಗಿ. ಆಮೇಲೆ ಥಟ್ಟನೆ ನಿಂತಿತು. ತಳದಲ್ಲಿ ಉಳಿದಿದ್ದ ಲೋಳೆ ನೀರಿನೊಳಗೆ ದೇವೇಂದ್ರ ಅದನ್ನು ಎರಡೂ ಕೈಯಿಂದ ಅದುಮಿದ್ದ. ಅದು ಅವರಿಗೆ ಗೊತ್ತಾದದ್ದು ಆಮೇಲೆ.

ಹಾಡು ನಿಂತರೂ ಆನೆ ಹೋಗಲಿಲ್ಲ. ಸೊಂಡಿಲನ್ನು ಗೋಡೆಯಿಂದ ಒಳಕ್ಕೆ ಇಳಿಬಿಟ್ಟಿತು. ಅದು ಆಚೀಚೆ ಆಡುವುದು ಮೇಲಿನಿಂದ ಕಾಣುತ್ತಿತ್ತು, ಏನನ್ನು ಮುಟ್ಟುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ನಿಖತ್ ಕಲಿತಿದ್ದ ದುವಾಗಳೆಲ್ಲ ಅರ್ಧರ್ಧಕ್ಕೆ ನಿಂತುಹೋದವು. ಒಂದು ಚೀರು ಕೇಳಿಸುತ್ತದೆ, ಇನ್ನೇನು ಕೇಳಿಸುತ್ತದೆ ಎಂದು ಕಿವಿ ಕಾಯುತ್ತಿತ್ತು. ಟೀಚರರ ಉಗುರುಗಳು ಅವಳ ತೋಳಿನಲ್ಲಿ ಊರಿದ್ದವು. ಅದೂ ತಿಳಿಯಲಿಲ್ಲ.

ಚೀರು ಕೇಳಿಸಲಿಲ್ಲ. ಆನೆ ಸೊಂಡಿಲು ಹೊರಗೆಳೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಬಂದ ದಾರಿಯಲ್ಲೇ ಸಿಲ್ವರ್ ಮರಗಳ ನಡುವೆ ಹೊರಟುಹೋಯಿತು. ಯಾಕೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ.

ಅರಣ್ಯದವರ ಜೀಪು ಬಂದು, ಪಟಾಕಿ ಸಿಡಿಸಿ, ಆನೆ ದೂರ ಸರಿದಿದೆ ಎಂದು ಖಾತ್ರಿಯಾಗುವವರೆಗೂ ದೇವೇಂದ್ರ ಮೇಲೇಳಲಿಲ್ಲ. ಇಬ್ಬರು ಒಳಗಿಳಿದು ಎತ್ತಬೇಕಾಯಿತು. ಮೈಗೆ ಒಂದು ಗೀರೂ ಇರಲಿಲ್ಲ. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು.

“ಮೂಸಿ ನೋಡ್ತು,” ಎಂದ ಅವನು, ಬಿಸಿ ಕಾಫಿಯ ಲೋಟ ಕೆಳಗಿಟ್ಟು. “ತಲೆಯಿಂದ ಸೊಂಟದವರೆಗೂ. ನಿಧಾನಕ್ಕೆ. ಉಸಿರು ಬಿಸಿ ಇತ್ತು.”

ಜಯಪ್ರಕಾಶ್ ಮಾರನೆಯ ದಿನ ಮೊದಲ ಬಸ್ಸಿಗೇ ಕಡೂರಿನಿಂದ ಹೊರಟು ಬಂದ. ನಿಖತ್ ಲ್ಯಾಬಿಗೆ ರಜೆ ಹಾಕಿ ಅವನನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಎಸ್ಟೇಟಿಗೆ ಕರೆದುಕೊಂಡು ಹೋದಳು. ದಪ್ಪ ಕನ್ನಡಕದ, ಅವಳು ಎಣಿಸಿದ್ದಕ್ಕಿಂತ ವಯಸ್ಸಾದ ಮನುಷ್ಯ. ಆಟೋದಲ್ಲಿ ಒಂದೇ ಮಾತು ಕೇಳಿದ.

“ನಾನು ಫೋನ್ ಮಾಡಿದಾಗ ಆನೆ ಅವನ ಹತ್ರ ಹೋಯ್ತಾ?”

ನಿಖತ್ ಸುಳ್ಳು ಹೇಳಬಹುದಿತ್ತು. “ಹೋಯ್ತು ಅಣ್ಣ,” ಎಂದಳು. “ಫೋಟೋ ಕಳಿಸ್ದೋಳು ನಾನು. ಫೋನ್ ಮಾಡ್ಬೇಡಿ ಅಂತ ಬರೀಲಿಲ್ಲ.”

ದೇವೇಂದ್ರ ಜಗಲಿಯ ಮೇಲೆ ಕೂತಿದ್ದ. ಜಯಪ್ರಕಾಶ್ ಅವನ ಎದುರು ಹೋಗಿ ನಿಂತ. ದೇವೇಂದ್ರನೇ ಸರಿದು ಜಾಗ ಮಾಡಿಕೊಟ್ಟ.

“ಕೂತ್ಕೊಳ್ಳಿ. ತಿಂಡಿ ಆಯ್ತಾ?”

“ಇಲ್ಲ.”

“ನಂದೂ ಇಲ್ಲ.”

ಇಬ್ಬರೂ ಕೂತು ಯಶೋದಾ ಟೀಚರ್ ತಂದಿದ್ದ ಕಡುಬು ತಿಂದರು. ಅಂಕದ ಮಾತು ಎತ್ತಲಿಲ್ಲ. ಎಲ್ಲೋ ಒಂದು ಸೈಕಲ್ಲಿನ ಬೆಲ್ಲು ಕೇಳಿದರೂ ದೇವೇಂದ್ರನ ಕೈಯ ತುತ್ತು ಅರ್ಧದಲ್ಲೇ ನಿಲ್ಲುತ್ತಿತ್ತು. ಜಯಪ್ರಕಾಶ್ ಅದನ್ನು ನೋಡಿಯೂ ನೋಡದವನಂತೆ ತಲೆ ತಗ್ಗಿಸಿ ತಿನ್ನುತ್ತಿದ್ದ. ನಿಖತ್‌ಗೆ ಇವರಿಬ್ಬರೂ ಇನ್ನೊಮ್ಮೆ ಬಾಯಿ ತುಂಬ ಜಗಳವಾಡಲಿ ಎನಿಸಿತು.

ಕೊಯ್ಲಿನ ಕಾಲ. ಕೆಲಸ ಕಾಯುವಂಥದ್ದಲ್ಲ. ಕೆಳಗೆ ಆಳುಗಳು ಬಂದು ಪಲ್ಪರ್ ಶುರು ಮಾಡಿದ್ದರು. ಹಣ್ಣಿನ ತೂಕ ಬರೆದುಕೊಳ್ಳಲು ದೇವೇಂದ್ರ ಹೋಗಲೇಬೇಕಿತ್ತು. ಅವನು ಎದ್ದು ಚಪ್ಪಲಿ ಮೆಟ್ಟಿದ. ದಿಬ್ಬ ಇಳಿಯುವ ಮೆಟ್ಟಿಲ ತನಕ ನಡೆದು ನಿಂತ. ಕೆಳಗೆ ಬಿಸಿಲಿತ್ತು, ಜನರಿದ್ದರು, ಹೆಂಗಸರು ಹಣ್ಣಿನ ಚೀಲ ಇಳಿಸುತ್ತ ಮಾತಾಡುತ್ತಿದ್ದರು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ.

“ನಾನು ಬರ್ತೀನಿ,” ಎಂದ ಜಯಪ್ರಕಾಶ್.

“ಸ್ವಲ್ಪ ತಡೀರಿ,” ಎಂದ ದೇವೇಂದ್ರ.

ಇಬ್ಬರೂ ಮೆಟ್ಟಿಲ ಮೇಲೆ ನಿಂತರು. ಹಿಂದೆ ನಿಖತ್ ಮತ್ತು ಟೀಚರ್ ನಿಂತರು. ಕೆಳಗಿನಿಂದ ಮೇಸ್ತ್ರಿ ಒಮ್ಮೆ ತಲೆಯೆತ್ತಿ ನೋಡಿ, ಕರೆಯದೆ, ತಾನೇ ತೂಕದ ತಕ್ಕಡಿಯ ಹತ್ತಿರ ಹೋದ.